ಬಿಲ್ಲೆಯ ಬೆಲೆ

ಚಿತ್ರದುರ್ಗದಿಂದ ಶಿವಮೊಗ್ಗದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಹೊಳಲ್ಕೆರೆಯನ್ನು ಬಯಲು ಗಣಪತಿಯ ಊರೆಂದು ಬಲ್ಲವರು ಅನೇಕರು. ಆ ಸೀಮೆಯವರಿಗೆ ನಾಟಕದ ಹುಚ್ಚೂ ಉಂಟೆಂಬುದು ಹೊರಗಿನವರಿಗೆ ಅಷ್ಟಾಗಿ ತಿಳಿಯದು. ನೆರೆಯ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ 1997ರಲ್ಲಿ ಆರಂಭವಾದ ‘ಶಿವಸಂಚಾರ’ ತಂಡವು ನಾಡನ್ನೆಲ್ಲ ಸುತ್ತಿ ನಾಟಕಗಳನ್ನಾಡಿ ಹೆಸರು ಪಡೆದಿದೆ. ಅಂತಹ ತಂಡಗಳ ಮಾತು ಹಾಗಿರಲಿ. ಜಾತ್ರೆಯೋ ಹಬ್ಬವೋ ಬಂದರೆ ಊರಿನ ಹುಡುಗರೇ ಸೇರಿ, ಹಾರ್ಮೋನಿಯಂ ಮೇಷ್ಟ್ರ ಕೈಕೆಳಗೆ ಪಾಠ ಒಪ್ಪಿಸಿ, ಒಂದು ಸಾಮಾಜಿಕ ನಾಟಕವನ್ನು ಆಡಿಯೇ ತೀರುವ ಹಳ್ಳಿಗಳಿಗೆ ಈ ಕಡೆ ಕೊರತೆಯಿಲ್ಲ.

ಇಂತಹ ನಾಟಕಗಳಿಗೂ ಇನ್‌ಸ್ಪೆಕ್ಟರನಿಗೂ ಬಿಡಿಸಲಾರದ ನಂಟು. ಗೌಡನ ದರ್ಪ ಮಿತಿಮೀರಿ, ಬಡವಳ ಕಣ್ಣೀರು ಕೋಡಿಹರಿದು, ತಮ್ಮನ ಮೇಲೆ ಕೊಲೆಯ ಆಪಾದನೆ ಬಂದು, ಇನ್ನೇನು ಗತಿಯೆಂದು ಸಭಿಕರು ನಿಟ್ಟುಸಿರಿಡುವ ಹೊತ್ತಿಗೆ ಪಕ್ಕದ ಪರದೆಯಿಂದ ಬೂಟಿನ ಸಪ್ಪಳ ಕೇಳಿಬರುತ್ತದೆ. ಖಾಕಿ ಉಡುಪಿನ ಇನ್‌ಸ್ಪೆಕ್ಟರ್ ಪ್ರವೇಶಿಸಿ, ಕೈಯಲ್ಲಿನ ಲಾಠಿಯನ್ನು ತೊಡೆಗೆ ತಟ್ಟಿಕೊಳ್ಳುತ್ತ, ಐದು ನಿಮಿಷದಲ್ಲಿ ಧರ್ಮವನ್ನು ಸಂಸ್ಥಾಪಿಸಿಬಿಡುತ್ತಾನೆ. ಆತ ತೊಟ್ಟ ಟೋಪಿ, ಬೆಲ್ಟು, ಹೆಗಲ ನಕ್ಷತ್ರ, ಎದೆಯ ಬಿಲ್ಲೆ ಎಲ್ಲವೂ ಡ್ರಾಮಾ ಸೀನರಿಯವರ ತಗಡಿನ ಪೆಟ್ಟಿಗೆಯಿಂದ ಒಂದು ರಾತ್ರಿಯ ಬಾಡಿಗೆಗೆ ಬಂದವು. ಆ ನಕ್ಷತ್ರಗಳಿಗೆ ಲೆಕ್ಕವಿರುವುದು ಅಪೂರ್ವ. ಹೆಡ್ ಕಾನ್‌ಸ್ಟೇಬಲನ ತೋಳಿಗೆ ಮೂರು ಪಟ್ಟಿ, ಸಬ್ ಇನ್‌ಸ್ಪೆಕ್ಟರನ ಹೆಗಲಿಗೆ ಎರಡು ನಕ್ಷತ್ರ, ಇನ್‌ಸ್ಪೆಕ್ಟರನಿಗೆ ಮೂರು ನಕ್ಷತ್ರಗಳ ಜೊತೆಗೆ ಕೆಂಪು ನೀಲಿ ಪಟ್ಟಿ, ಜಿಲ್ಲೆಯ ಸೂಪರಿಂಟೆಂಡೆಂಟರಿಗೆ ಅಶೋಕನ ಸಿಂಹಲಾಂಛನ ಎಂಬುದು ಇಲಾಖೆಯ ಕ್ರಮ. ನಾಟಕದ ಇನ್‌ಸ್ಪೆಕ್ಟರನಾದರೋ ಪೆಟ್ಟಿಗೆಯಲ್ಲಿ ಸಿಕ್ಕಿದ್ದನ್ನೆಲ್ಲ ಧರಿಸಿ, ಒಮ್ಮೆಗೇ ಸಬ್ ಇನ್‌ಸ್ಪೆಕ್ಟರನೂ ಸೂಪರಿಂಟೆಂಡೆಂಟನೂ ಆಗಿರುತ್ತಾನೆ.

ಸಭಿಕರಲ್ಲಿ ಯಾರೂ ಇದಕ್ಕೆ ಆಕ್ಷೇಪವೆತ್ತುವುದಿಲ್ಲ. ಆದರೆ ನಾಟಕ ಮುಗಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಆ ಬಿಲ್ಲೆಯನ್ನು ಮನೆಯಲ್ಲಿಟ್ಟುಕೊಳ್ಳುವುದು ತಪ್ಪೇ? ಈಗ ಕೈಯಲ್ಲಿನ ದೂರವಾಣಿಯ ಮೇಲೆ ಬೆರಳಾಡಿಸಿದರೆ ಇಂತಹ ಬಿಲ್ಲೆ, ಟೋಪಿ, ಆಟದ ಪಿಸ್ತೂಲುಗಳು ಅಂಚೆಯಲ್ಲಿ ಮನೆಬಾಗಿಲಿಗೇ ಬರುತ್ತವೆ. ಶಾಲೆಯ ವಾರ್ಷಿಕೋತ್ಸವಕ್ಕೆ ಮಗನಿಗೆ ಪೊಲೀಸ್ ವೇಷ ಹಾಕಿಸದ ತಾಯಿ ಪೇಟೆಗಳಲ್ಲಿ ವಿರಳ. ಈ ಪ್ರಶ್ನೆಗೆ ಜನರು ಕೊಡುವ ಉತ್ತರಗಳು ಎರಡು. “ಇಟ್ಟುಕೊಂಡರೆ ಸಾಕು, ಜೈಲು” ಎನ್ನುವವರು ಕೆಲವರು, “ಆಟದ ಸಾಮಾನು, ಯಾರು ಕೇಳುತ್ತಾರೆ?” ಎನ್ನುವವರು ಕೆಲವರು. ಎರಡೂ ಸರಿಯಲ್ಲ. ಮೊದಲನೆಯದು ಅನಗತ್ಯವಾದ ಭಯ. ಎರಡನೆಯದು ಅಪಾಯಕರವಾದ ಧೈರ್ಯ.

ಕಾಯಿದೆಯ ಮಾತು ಹೀಗಿದೆ. 1860ರ ಭಾರತೀಯ ದಂಡ ಸಂಹಿತೆಯಲ್ಲಿ 170 ಮತ್ತು 171ನೆಯ ಕಲಂಗಳೆಂದು ಇದ್ದವು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 204 ಮತ್ತು 205ನೆಯ ಕಲಂಗಳಾಗಿವೆ. ಸರ್ಕಾರಿ ಅಧಿಕಾರಿಯಲ್ಲದವನು ತಾನು ಅಧಿಕಾರಿಯೆಂದು ನಟಿಸಿ, ಆ ಸೋಗಿನ ಬಲದಿಂದ ಏನಾದರೊಂದು ಕಾರ್ಯವನ್ನು ಮಾಡಿದರೆ, ಅಥವಾ ಮಾಡಲು ಯತ್ನಿಸಿದರೆ, ಅದು 204ನೆಯ ಕಲಮಿನ ಅಪರಾಧ. ಹಿಂದೆ ಇದಕ್ಕೆ ಎರಡು ವರ್ಷಗಳವರೆಗೆ ಸೆರೆವಾಸ, ಅಥವಾ ದಂಡ, ಅಥವಾ ಎರಡೂ ಎಂದಿತ್ತು. ಹೊಸ ಸಂಹಿತೆ ಇದನ್ನು ಬಿಗಿಗೊಳಿಸಿ, ಆರು ತಿಂಗಳಿಗೆ ಕಡಮೆಯಿಲ್ಲದ, ಮೂರು ವರ್ಷಗಳವರೆಗೂ ಹೋಗಬಹುದಾದ ಸೆರೆವಾಸವನ್ನೂ ಜೊತೆಗೆ ದಂಡವನ್ನೂ ವಿಧಿಸಿದೆ.

205ನೆಯ ಕಲಂ ಇದಕ್ಕಿಂತ ಸೂಕ್ಷ್ಮವಾದುದು. ಅಲ್ಲಿ ಕಾರ್ಯವನ್ನು ಮಾಡಿರಬೇಕೆಂಬ ನಿಯಮವೇ ಇಲ್ಲ. ಯಾವುದೋ ಒಂದು ವರ್ಗದ ಸರ್ಕಾರಿ ನೌಕರರು ತೊಡುವ ಉಡುಪನ್ನು ಹೋಲುವ ಉಡುಪನ್ನು ತೊಟ್ಟು, ಅಥವಾ ಅವರ ಲಾಂಛನವನ್ನು ಹೋಲುವ ಲಾಂಛನವನ್ನು ಹೊತ್ತು, ತನ್ನನ್ನು ಜನರು ಆ ವರ್ಗದವನೆಂದು ನಂಬಲೆಂಬ ಉದ್ದೇಶವಿದ್ದರೆ ಅದೇ ಅಪರಾಧ. ಉದ್ದೇಶವಿಲ್ಲದಿದ್ದರೂ, ಜನರು ಹಾಗೆ ನಂಬುವ ಸಂಭವವಿದೆಯೆಂಬ ತಿಳಿವಳಿಕೆ ಇದ್ದರೆ ಸಾಕು. ಇದಕ್ಕೆ ಮೂರು ತಿಂಗಳವರೆಗೆ ಸೆರೆ, ಅಥವಾ ದಂಡ, ಅಥವಾ ಎರಡೂ. ಹಳೆಯ ಸಂಹಿತೆಯಲ್ಲಿ ಇನ್ನೂರು ರೂಪಾಯಿಯಿದ್ದ ದಂಡದ ಮಿತಿ ಈಗ ಐದು ಸಾವಿರ ರೂಪಾಯಿಯಾಗಿದೆ.

ಇಲ್ಲಿ ಗಮನಿಸಬೇಕಾದುದು ಒಂದಿದೆ. ಕಲಮಿನಲ್ಲಿ ಬರುವ ಮಾತುಗಳು ತೊಡುವುದು, ಹೊರುವುದು. ಪೆಟ್ಟಿಗೆಯಲ್ಲಿ ಮಡಿಸಿಟ್ಟ ಖಾಕಿ ಅಂಗಿಯ ಮಾತು ಅಲ್ಲಿಲ್ಲ. ಗಾಜಿನ ಬೀರುವಿನಲ್ಲಿ ನೆನಪಿಗೆಂದು ಇಟ್ಟ ಅನುಕರಣೆಯ ಬಿಲ್ಲೆಯ ಮಾತೂ ಇಲ್ಲ. ರಂಗದ ಮೇಲಿನ ನಟ ಉಡುಪನ್ನು ತೊಟ್ಟೇ ಇರುತ್ತಾನೆ ನಿಜ. ಆದರೆ ಆತನನ್ನು ನಿಜವಾದ ಇನ್‌ಸ್ಪೆಕ್ಟರ್ ಎಂದು ನಂಬುವವರು ಸಭೆಯಲ್ಲಿ ಯಾರೂ ಇಲ್ಲ. ಚಪ್ಪಾಳೆಯೇ ಅದಕ್ಕೆ ಸಾಕ್ಷಿ. ಹೀಗೆ ಕಾಯಿದೆ ನೋಡುವುದು ವಸ್ತುವನ್ನಲ್ಲ, ವಸ್ತುವಿನಿಂದ ಎದುರಿನವನ ಮನಸ್ಸಿನಲ್ಲಿ ಹುಟ್ಟಿಸಿದ ನಂಬಿಕೆಯನ್ನು.

ಒಂದು ಪ್ರಸಂಗವನ್ನು ಊಹಿಸಿಕೊಂಡರೆ ಈ ಮಾತು ಸ್ಪಷ್ಟವಾದೀತು. ಹೊಳಲ್ಕೆರೆಯ ಬಳಿಯ ಒಂದು ಹಳ್ಳಿಯಲ್ಲಿ ನಾಟಕ ಮುಗಿಯುವಾಗ ಬೆಳಗಿನ ಐದು ಗಂಟೆ. ಇನ್‌ಸ್ಪೆಕ್ಟರನ ಪಾತ್ರ ಮಾಡಿದ ಶಾಲೆಯ ಮೇಷ್ಟ್ರು ವೇಷವನ್ನೂ ಕಳಚದೆ ಹೆದ್ದಾರಿಯ ಚಹದ ಅಂಗಡಿಗೆ ಬರುತ್ತಾರೆ. ಅಲ್ಲಿ ಲಾರಿ ನಿಲ್ಲಿಸಿಕೊಂಡು ಚಹ ಕುಡಿಯುತ್ತಿದ್ದ ಚಾಲಕ ಇವರನ್ನು ಕಂಡವನೇ ಲೋಟ ಕೆಳಗಿಟ್ಟು, ಎದ್ದು ನಿಂತು, ಕಿಸೆಯಿಂದ ಕಾಗದಪತ್ರಗಳನ್ನು ತೆಗೆಯುತ್ತಾನೆ. “ಅಯ್ಯೋ, ನಾನು ನಾಟಕದ ಪೊಲೀಸ್ ಕಣಪ್ಪಾ, ಕೂತುಕೋ” ಎಂದು ಮೇಷ್ಟ್ರು ನಕ್ಕರೆ ಕಥೆ ಅಲ್ಲಿಗೆ ಮುಗಿಯಿತು, ಚಾಲಕನೂ ನಗುತ್ತಾನೆ. ಅವರು ಏನೂ ಹೇಳದೆ, ಮೀಸೆಯ ಮೇಲೆ ಕೈಯಿಟ್ಟು ಸುಮ್ಮನೆ ನಿಂತುಬಿಟ್ಟರೆ? ಚಾಲಕ ನಂಬಿದ್ದಾನೆಂಬುದು ಅವರಿಗೆ ತಿಳಿದಿದೆ. 205ನೆಯ ಕಲಮಿನ ನೆರಳು ಆಗಲೇ ಅವರ ಮೇಲೆ ಬಿದ್ದಿದೆ. ಕೈಚಾಚಿ ಕಾಗದಗಳನ್ನು ಈಸಿಕೊಂಡು ಪರಿಶೀಲಿಸತೊಡಗಿದರೆ 204ನೆಯ ಕಲಮಿನ ಹೊಸ್ತಿಲನ್ನೇ ದಾಟಿದಂತಾಯಿತು; ಚಹದ ದುಡ್ಡನ್ನು ಚಾಲಕನಿಂದ ಕೊಡಿಸಿದರಂತೂ ಹೇಳುವುದೇ ಬೇಡ. ಉಡುಪು ಅದೇ, ಬಿಲ್ಲೆ ಅದೇ, ಮನುಷ್ಯರೂ ಅವರೇ. ರಂಗಮಂಟಪಕ್ಕೂ ಚಹದ ಅಂಗಡಿಗೂ ನಡುವಿನ ಐವತ್ತು ಗಜದಲ್ಲಿ ನಾಟಕ ಅಪರಾಧವಾಯಿತು.

ಈ ವಿವೇಚನೆ ಈ ನಾಡಿಗೆ ಹೊಸದಲ್ಲ. ವಿರಾಟನಗರದಲ್ಲಿ ಧರ್ಮರಾಯ ಕಂಕಭಟ್ಟನಾದ, ಭೀಮ ವಲಲನಾದ, ಅರ್ಜುನ ಬೃಹನ್ನಳೆಯಾದ. ವರ್ಷವಿಡೀ ವೇಷದಲ್ಲಿದ್ದರೂ ಅವರು ಯಾರ ಮನೆಯನ್ನೂ ದೋಚಲಿಲ್ಲ. ಒಪ್ಪಿಕೊಂಡ ಕೆಲಸವನ್ನು ಶ್ರದ್ಧೆಯಿಂದ ಮಾಡಿದರು. ಪಂಚವಟಿಯಲ್ಲಿ ರಾವಣ ತೊಟ್ಟದ್ದೂ ವೇಷವೇ. ಆದರೆ ಆತ ಸನ್ಯಾಸಿಯ ಕಾವಿಯನ್ನು ಆರಿಸಿಕೊಂಡುದು ಸೀತೆಗೆ ಕಾವಿಯ ಮೇಲಿದ್ದ ಗೌರವವನ್ನು ಬಲ್ಲವನಾದುದರಿಂದ. ಕಾಯಿದೆ ಶಿಕ್ಷಿಸುವುದು ರಾವಣನ ವೇಷವನ್ನು. ಇನ್ನು ಮನೆಮನೆಯ ಮುಂದೆ ಹಾಡಹಗಲೇ ಬಣ್ಣ ಹಚ್ಚಿಕೊಂಡು ಬಂದು ಪುರಾಣದ ಪಾತ್ರಗಳನ್ನಾಡುವ ಹಗಲುವೇಷದವರು ಯಾರನ್ನೂ ವಂಚಿಸಿದವರಲ್ಲ; ಕತ್ತಲೆಯ ಮರೆಯೂ ದೀಪದ ಮಾಯೆಯೂ ಇಲ್ಲದೆ ಬಿಸಿಲಿನಲ್ಲಿ ನಿಂತು ಆಡುವ ಪ್ರಾಮಾಣಿಕ ಕಲಾವಿದರು. ಆದರೂ ಕನ್ನಡದಲ್ಲಿ ‘ಹಗಲುವೇಷ’ವೆಂಬ ಮಾತಿಗೆ ಸೋಗು, ಕಪಟವೆಂಬ ಅರ್ಥ ಅಂಟಿಕೊಂಡಿತು. ನಟನಿಗೂ ವಂಚಕನಿಗೂ ನಡುವಿನ ಗೆರೆಯನ್ನು ಭಾಷೆ ಮರೆತರೂ ಕಾಯಿದೆ ಮರೆತಿಲ್ಲವೆಂಬುದು ಸಮಾಧಾನದ ಸಂಗತಿ.

ಬಿಲ್ಲೆಗೆ ಇಷ್ಟು ಮಹತ್ವವೇಕೆಂದು ಕೇಳುವವರಿಗೆ ಜರ್ಮನಿಯ ಒಂದು ಕಥೆ ಉತ್ತರ ಹೇಳುತ್ತದೆ. ವಿಲ್‌ಹೆಲ್ಮ್ ಫೋಗ್ಟ್ ಎಂಬ ಬಡ ಚಮ್ಮಾರ ಹಳೆಯ ಬಟ್ಟೆಯ ಅಂಗಡಿಗಳಲ್ಲಿ ಸೈನ್ಯದ ಕ್ಯಾಪ್ಟನನ ಉಡುಪನ್ನು ಒಂದೊಂದಾಗಿ ಕೊಂಡು, 1906ರ ಅಕ್ಟೋಬರ್ 16ರಂದು ಅದನ್ನು ಧರಿಸಿ ಬರ್ಲಿನ್ನಿನ ಬೀದಿಗೆ ಬಂದ. ಎದುರಿಗೆ ಸಿಕ್ಕ ಸಿಪಾಯಿಗಳಿಗೆ ತನ್ನ ಹಿಂದೆ ಬರುವಂತೆ ಆಜ್ಞೆಯಿತ್ತ. ಅವರು ಚಕಾರವೆತ್ತದೆ ಬಂದರು. ಅವರೊಡನೆ ಕೋಪೆನಿಕ್ ಎಂಬಲ್ಲಿನ ಪುರಭವನಕ್ಕೆ ನುಗ್ಗಿ, ಪುರಾಧ್ಯಕ್ಷನನ್ನು ದಸ್ತಗಿರಿ ಮಾಡಿಸಿ, ಖಜಾನೆಯಲ್ಲಿದ್ದ ಸುಮಾರು 4,000 ಮಾರ್ಕುಗಳನ್ನು ಎತ್ತಿಕೊಂಡು ನಡೆದ. ಸಿಕ್ಕಿಬಿದ್ದ ಮೇಲೆ ನಾಲ್ಕು ವರ್ಷಗಳ ಶಿಕ್ಷೆಯಾಯಿತು. 1908ರಲ್ಲಿ ಚಕ್ರವರ್ತಿಯೇ ಕ್ಷಮಾದಾನ ಮಾಡಿದ. ಜಗತ್ತೆಲ್ಲ ನಕ್ಕಿತು. 1931ರಲ್ಲಿ ಕಾರ್ಲ್ ಝುಕ್‌ಮಾಯರ್ ಇದನ್ನೇ ನಾಟಕವಾಗಿಸಿದಾಗ, ಒಮ್ಮೆ ವಂಚನೆಯ ಸಾಧನವಾಗಿದ್ದ ಆ ಉಡುಪು ಮತ್ತೆ ರಂಗದ ನಿರಪರಾಧಿ ಉಡುಪಾಯಿತು.

ಭಾರತದಲ್ಲಿ ನಡೆದ ಪ್ರಸಂಗ ಅಷ್ಟು ನಗೆ ತರಿಸುವಂತಹುದಲ್ಲ. 1987ರ ಮಾರ್ಚ್‌ನಲ್ಲಿ ಮುಂಬಯಿಯಲ್ಲಿ ಒಬ್ಬಾತ ಪತ್ರಿಕೆಯಲ್ಲಿ ಉದ್ಯೋಗದ ಜಾಹೀರಾತು ಕೊಟ್ಟು, ಬಂದ ತರುಣರನ್ನು ಕೇಂದ್ರ ತನಿಖಾ ದಳದ ಅಧಿಕಾರಿಗಳೆಂದು ನೇಮಿಸಿಕೊಂಡು, ಮಾರ್ಚ್ 19ರಂದು ಆಪೆರಾ ಹೌಸ್ ಪ್ರದೇಶದ ಪ್ರಸಿದ್ಧ ಆಭರಣದ ಅಂಗಡಿಯ ಮೇಲೆ ‘ದಾಳಿ’ ಮಾಡಿಸಿದ. ಆಭರಣಗಳನ್ನು ಜಪ್ತಿಯ ನೆಪದಲ್ಲಿ ಚೀಲಕ್ಕೆ ತುಂಬಿಕೊಂಡು, ತರುಣರನ್ನು ಅಲ್ಲಿಯೇ ಬಿಟ್ಟು ಹೊರಟುಹೋದವನು ಮತ್ತೆ ಕೈಗೆ ಸಿಕ್ಕಲಿಲ್ಲ. ಆ ತರುಣರಿಗೂ ತಾವು ನಾಟಕದ ಪಾತ್ರಗಳೆಂಬುದು ತಿಳಿದಿರಲಿಲ್ಲ. ಅವರೆದೆಯ ಮೇಲಿದ್ದ ಗುರುತಿನ ಚೀಟಿಗಳನ್ನು ಅವರೂ ನಂಬಿದ್ದರು. 2013ರಲ್ಲಿ ಹಿಂದಿಯಲ್ಲಿ ಇದನ್ನು ಆಧರಿಸಿದ ಚಿತ್ರ ಬಂದಿತು.

*

ಅನುಕರಣೆಯ ಬಿಲ್ಲೆಯ ಮಾತಾಯಿತು. ನಿಜವಾದ ಬಿಲ್ಲೆಯ ಗತಿಯೇನು? ವಿಚಿತ್ರವೆಂದರೆ, ಕೆಲವು ವೇಳೆ ಅಸಲಿಯೇ ನಕಲಿಗಿಂತ ಹೆಚ್ಚು ತೊಡಕಿನದು. ಪೊಲೀಸ್ ಕೆಲಸ ಬಿಟ್ಟವನು ತನ್ನ ನೇಮಕದ ಪ್ರಮಾಣಪತ್ರವನ್ನೂ ಸರ್ಕಾರ ಕೊಟ್ಟ ಉಡುಪು ಸಾಮಗ್ರಿಗಳನ್ನೂ ಕೂಡಲೇ ಹಿಂದಿರುಗಿಸತಕ್ಕದ್ದು, ಇಲ್ಲವಾದರೆ ಇನ್ನೂರು ರೂಪಾಯಿಯವರೆಗೆ ದಂಡ ಅಥವಾ ಆರು ತಿಂಗಳವರೆಗೆ ಸೆರೆ ಎಂದು 1861ರ ಪೊಲೀಸ್ ಕಾಯಿದೆಯೇ ವಿಧಿಸಿತ್ತು. ಆದುದರಿಂದ ನಾಟಕಕ್ಕೆಂದು ಠಾಣೆಯ ಪರಿಚಯಸ್ಥರಿಂದ ನಿಜವಾದ ಬಿಲ್ಲೆಯನ್ನು ಕೇಳಿ ತರುವುದು, ಕೊಡುವವರಿಗೂ ತರುವವರಿಗೂ ಹಿತವಲ್ಲ. ಸೀನರಿಯವರ ತಗಡಿನ ಬಿಲ್ಲೆಯೇ ಮೇಲು.

ಬಿಲ್ಲೆಯ ಮೇಲಿನ ಚಿಹ್ನೆಗೂ ಬೇರೆ ಕಾಯಿದೆಗಳ ಕಾವಲುಂಟು. ಸರ್ಕಾರಗಳ ಲಾಂಛನಗಳನ್ನು ಅನುಮತಿಯಿಲ್ಲದೆ ವ್ಯಾಪಾರಕ್ಕೆ ಬಳಸಬಾರದೆಂದು 1950ರ ಕಾಯಿದೆ ಹೇಳುತ್ತದೆ. ಅಶೋಕ ಸ್ತಂಭದ ಸಿಂಹಲಾಂಛನಕ್ಕೆಂದೇ 2005ರಲ್ಲಿ ಪ್ರತ್ಯೇಕ ಕಾಯಿದೆ ಬಂದಿದೆ. ಸರ್ಕಾರಕ್ಕೆ ಸಂಬಂಧಪಟ್ಟುದೆಂಬ ಭ್ರಮೆ ಹುಟ್ಟಿಸುವಂತೆ ಅದನ್ನಾಗಲಿ ಅದರ ಅನುಕರಣೆಯನ್ನಾಗಲಿ ಬಳಸಿದರೆ ಎರಡು ವರ್ಷಗಳವರೆಗೆ ಸೆರೆ ಅಥವಾ ಐದು ಸಾವಿರ ರೂಪಾಯಿಯವರೆಗೆ ದಂಡ. ಸೈನಿಕರ ಉಡುಪಿಗೆ ನ್ಯಾಯ ಸಂಹಿತೆಯ 168ನೆಯ ಕಲಂ ರಕ್ಷಣೆ ಕೊಡುತ್ತದೆ. 2016ರ ಜನವರಿಯಲ್ಲಿ ಪಠಾಣಕೋಟದ ವಾಯುನೆಲೆಗೆ ನುಗ್ಗಿದ ಹಂತಕರು ಸೈನಿಕರ ಉಡುಪಿನಲ್ಲಿದ್ದರು. ಸೇನೆಯ ಮಾದರಿಯ ಬಟ್ಟೆಗಳನ್ನು ಮಾರಬೇಡಿ, ತೊಡಬೇಡಿ ಎಂದು ಆ ಬಳಿಕ ಸೇನೆಯೇ ಜನರನ್ನು ಕೇಳಿಕೊಳ್ಳಬೇಕಾಯಿತು. ಬಡಾವಣೆಗಳ ಕಾವಲುಗಾರರ ವಿಷಯದಲ್ಲಿ 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯಿದೆ ಇನ್ನೂ ಕಟ್ಟುನಿಟ್ಟು. ಅವರು ಪೊಲೀಸರ ಅಥವಾ ಸೈನಿಕರ ಉಡುಪನ್ನು ಹೋಲುವ ಬಟ್ಟೆ ತೊಟ್ಟರೆ ಅವರಿಗಷ್ಟೇ ಅಲ್ಲ, ನೇಮಿಸಿದ ಸಂಸ್ಥೆಯ ಒಡೆಯನಿಗೂ ಒಂದು ವರ್ಷದವರೆಗೆ ಸೆರೆಯಾಗಬಹುದು.

“ಇದು ಹಳೆಯ ಮಾದರಿ, ಈಗ ಪೊಲೀಸರು ತೊಡುವುದಿಲ್ಲ” ಎಂಬ ಸಮಜಾಯಿಷಿ ಎಲ್ಲ ವೇಳೆಯೂ ನಡೆಯದು. ಕರ್ನಾಟಕದ ಕಾನ್‌ಸ್ಟೇಬಲರ ತಲೆಯ ಮೇಲೆ ದಶಕಗಳ ಕಾಲ ಇದ್ದ, ಒಂದು ಬದಿಗೆ ಅಂಚು ಮಡಿಸಿದ ಸ್ಲೋಚ್ ಟೋಪಿಗೆ ಬದಲಾಗಿ 2025ರಲ್ಲಿ ನೀಲಿಯ ಹೊಸ ಟೋಪಿ ಬಂದಿದೆ. ಹಳೆಯ ಟೋಪಿ ನಾಟಕದ ಪೆಟ್ಟಿಗೆ ಸೇರುವುದು ಸಹಜ. ಆದರೆ ಹಳ್ಳಿಯ ಅಜ್ಜಿಯ ಕಣ್ಣಿಗೆ ಅದು ಇನ್ನೂ ಎಷ್ಟೋ ವರ್ಷ ಪೊಲೀಸರ ಟೋಪಿಯಾಗಿಯೇ ಕಾಣುತ್ತದೆ. ಕಾಯಿದೆ ನೋಡುವುದು ಆ ಅಜ್ಜಿಯ ಕಣ್ಣಿನಿಂದ.

ಇದೇ ನ್ಯಾಯವನ್ನು ನಾಟಕ ಸಿನಿಮಾಗಳ ಎಲ್ಲ ಸಾಮಗ್ರಿಗೂ ಅನ್ವಯಿಸಿದರೆ ಮೋಸಹೋಗುವ ಸಂಭವವುಂಟು. ಇಟ್ಟುಕೊಂಡ ಮಾತ್ರಕ್ಕೆ ಅಪರಾಧವಾಗುವ ವಸ್ತುಗಳೂ ಇವೆ. 2023ರ ಅಕ್ಟೋಬರ್‌ನಲ್ಲಿ ದೂರದರ್ಶನದ ಸ್ಪರ್ಧೆಯೊಂದರಲ್ಲಿದ್ದ ತರುಣನೊಬ್ಬ ಕೊರಳಲ್ಲಿ ಹುಲಿಯುಗುರು ಧರಿಸಿದ್ದನೆಂದು ಬಂಧಿತನಾದುದು ನಾಡಿನಲ್ಲೆಲ್ಲ ಸುದ್ದಿಯಾಯಿತು. ಅದರ ಬೆನ್ನಿಗೇ ಅರಣ್ಯಾಧಿಕಾರಿಗಳು ಚಿತ್ರನಟರ ಮನೆಗಳಿಗೂ ಹೋದರು. ತಮ್ಮದು ಅಸಲಿಯಲ್ಲ, ಕೃತಕವೆಂದು ಹೇಳಿದವರೂ ಇದ್ದರು. ನಕಲಿಯನ್ನು ಅಸಲಿಯೆಂದು ಸಾರುವುದೇ ಲೋಕರೂಢಿ. ಅಂದು ಮಾತ್ರ ಕೊರಳಲ್ಲಿರುವುದು ನಕಲಿಯೆಂದು ಸಾರಬೇಕಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಹುಲಿಯಂತಹ ಪ್ರಾಣಿಯ ಅಂಗಗಳ ವಿಷಯದಲ್ಲಿ ತಪ್ಪಿದರೆ ಮೂರರಿಂದ ಏಳು ವರ್ಷಗಳ ಸೆರೆ, ಜೊತೆಗೆ ಇಪ್ಪತ್ತೈದು ಸಾವಿರ ರೂಪಾಯಿಗೆ ಕಡಮೆಯಿಲ್ಲದ ದಂಡ. ಅಲ್ಲಿ ತೊಟ್ಟವನ ಮನಸ್ಸಿನಲ್ಲಿ ವಂಚನೆಯಿತ್ತೇ ಎಂದು ಕೇಳುವುದಿಲ್ಲ; ಉಗುರು ಅಸಲಿಯೇ ಎಂದಷ್ಟೇ ಕೇಳುತ್ತಾರೆ. ಋಷಿಯ ಪಾತ್ರಕ್ಕೆ ಹಿರಿಯರ ಕಾಲದ ಜಿಂಕೆಯ ಚರ್ಮವನ್ನು ಅಟ್ಟದಿಂದ ಇಳಿಸುವ ಮುನ್ನ ಇದನ್ನು ನೆನೆಯುವುದು ಕ್ಷೇಮ.

ಸಿನಿಮಾದ ನೋಟಿನ ಕಂತೆಗಳದೂ ಹೀಗೆಯೇ. ಮೋಸವಾಗುವಷ್ಟು ಅಸಲಿಯನ್ನು ಹೋಲುವ ನೋಟನ್ನು ಮುದ್ರಿಸುವುದೇ ನ್ಯಾಯ ಸಂಹಿತೆಯ 182ನೆಯ ಕಲಮಿಗೆ ವಿರುದ್ಧ. ದಂಡ ಮುನ್ನೂರು ರೂಪಾಯಿಯವರೆಗೆ ಮಾತ್ರ. ಆದರೆ ಅಂತಹ ನೋಟು ಪೇಟೆಯಲ್ಲಿ ಚಲಾವಣೆಯಾದರೆ ಖೋಟಾನೋಟಿನ ಘೋರ ಕಲಮುಗಳು ಕಾದಿರುತ್ತವೆ. 2017ರಲ್ಲಿ ದೆಹಲಿಯ ಒಂದು ಎಟಿಎಂ ಯಂತ್ರದಿಂದಲೇ ‘ಮಕ್ಕಳ ಬ್ಯಾಂಕಿನ’ ಆಟದ ನೋಟುಗಳು ಹೊರಬಂದದ್ದನ್ನು ನೆನೆದರೆ, ಯಂತ್ರವೂ ವೇಷಕ್ಕೆ ಮರುಳಾಗುವುದೆಂದು ತಿಳಿಯುತ್ತದೆ. ಆಟದ ಪಿಸ್ತೂಲನ್ನು ನಿಜವಾಗಿ ಗುಂಡು ಹಾರುವಂತೆ ಮಾರ್ಪಡಿಸುವುದು 1959ರ ಶಸ್ತ್ರ ಕಾಯಿದೆಗೆ ವಿರುದ್ಧ. ವಿಮಾನ ಪ್ರಯಾಣದಲ್ಲಿಯಂತೂ ಮಗುವಿನ ಕೈಚೀಲದಲ್ಲಿ ಪಿಸ್ತೂಲಿನ ಪ್ರತಿಕೃತಿ ಇದ್ದರೂ ತಡೆಯುತ್ತಾರೆ.

*

ಇಷ್ಟರಲ್ಲಿ ವಾಚಕರಿಗೆ ಒಂದು ಸಂದೇಹ ಬಂದಿರಬಹುದು. ನಾಟಕದವರಿಗೂ ಆಟಿಕೆ ಕೊಳ್ಳುವವರಿಗೂ ಬುದ್ಧಿ ಹೇಳಿದ್ದಾಯಿತು. ಬಾಗಿಲಿಗೆ ಬಂದ ಖಾಕಿಯನ್ನು ಕಂಡು ನಡುಗುವ ಗೃಹಸ್ಥನಿಗೆ ಯಾವ ರಕ್ಷಣೆ? ಬಿಲ್ಲೆಯ ನಿಜವಾದ ಬೆಲೆ ತಿಳಿಯುವುದು ಇಲ್ಲಿಯೇ. ಬಿಲ್ಲೆ ಅಧಿಕಾರಿಯ ಆಭರಣವೆಂದು ಜನ ತಿಳಿದಿದ್ದಾರೆ. ಅದು ಆತ ಪ್ರಜೆಗೆ ಸಲ್ಲಿಸಬೇಕಾದ ಲೆಕ್ಕ.

ಡಿ. ಕೆ. ಬಸು ಮೊಕದ್ದಮೆಯಲ್ಲಿ 1996ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವಿತ್ತ ತೀರ್ಪು, ಬಂಧಿಸುವ ಪೊಲೀಸರು ತಮ್ಮ ಹೆಸರು ಹುದ್ದೆಗಳು ಸ್ಪಷ್ಟವಾಗಿ ಕಾಣುವ ಗುರುತನ್ನು ಧರಿಸಿರಬೇಕೆಂದು ವಿಧಿಸಿತು. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 36ನೆಯ ಕಲಂ ಅದನ್ನು ಶಾಸನವಾಗಿಸಿದೆ. ಹೆಸರಿನ ಗುರುತು ನಿಖರವಾಗಿ, ಕಣ್ಣಿಗೆ ಬೀಳುವಂತೆ ಇರಬೇಕು; ಬಂಧನದ ಬಗ್ಗೆ ಬರೆಹದಲ್ಲಿ ಟಿಪ್ಪಣಿಯಾಗಬೇಕು; ಅದಕ್ಕೆ ಮನೆಯವರೊಬ್ಬರ ಅಥವಾ ನೆರೆಯ ಗೌರವಸ್ಥರೊಬ್ಬರ ಸಾಕ್ಷಿಯಿರಬೇಕು. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ, ಅಸಾಧಾರಣ ಸಂದರ್ಭದ ಹೊರತು, ಹೆಂಗಸರನ್ನು ಬಂಧಿಸಕೂಡದು. ಅಂತಹ ಸಂದರ್ಭದಲ್ಲಿಯೂ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಬರಬೇಕು. ಆದುದರಿಂದ “ಸ್ವಾಮಿ, ತಮ್ಮ ಹೆಸರೇನು? ಯಾವ ಠಾಣೆ? ಗುರುತಿನ ಚೀಟಿ ನೋಡಬಹುದೇ?” ಎಂದು ವಿನಯದಿಂದ ಕೇಳುವುದು ಉದ್ಧಟತನವಲ್ಲ. ನಿಜವಾದ ಅಧಿಕಾರಿಗೆ ಈ ಪ್ರಶ್ನೆಯಿಂದ ನಷ್ಟವಿಲ್ಲ. ಸುಳ್ಳು ಅಧಿಕಾರಿಗೆ ಮಾತ್ರ ಇದು ಕಂಟಕ. ಸಂದೇಹವುಳಿದರೆ 112ಕ್ಕೆ ಕರೆ ಮಾಡಿ ವಿಚಾರಿಸಬಹುದು.

“ಮುಂದೆ ಕೊಲೆಯಾಗಿದೆ, ಒಡವೆ ಬಿಚ್ಚಿ ಪೊಟ್ಟಣ ಕಟ್ಟಿಕೊಡಿ ತಾಯಿ” ಎಂದು ದಾರಿಯಲ್ಲಿ ವೃದ್ಧೆಯರನ್ನು ಅಡ್ಡಗಟ್ಟಿ, ಪೊಟ್ಟಣದಲ್ಲಿ ಕಲ್ಲು ಕಟ್ಟಿಕೊಡುವ ವಂಚಕರ ಬಳಿ ಪೂರ್ತಿ ಉಡುಪೂ ಇರುವುದಿಲ್ಲ. ಕ್ಷಣಮಾತ್ರ ತೋರಿಸಿ ಕಿಸೆಗೆ ಸೇರಿಸುವ ಒಂದು ಬಿಲ್ಲೆ ಸಾಕು. ಈಚೆಗೆ ಅವರು ದಾರಿಗೂ ಬರುತ್ತಿಲ್ಲ. ದೂರವಾಣಿಯ ಪರದೆಯಲ್ಲಿ ಖಾಕಿ ತೊಟ್ಟು, ಬೆನ್ನ ಹಿಂದೆ ಠಾಣೆಯ ಸೀನರಿ ಕಟ್ಟಿಕೊಂಡು, “ನಿಮ್ಮನ್ನು ಡಿಜಿಟಲ್ ಬಂಧನದಲ್ಲಿ ಇಟ್ಟಿದ್ದೇವೆ” ಎಂದು ವಿದ್ಯಾವಂತರನ್ನೇ ದಿನಗಟ್ಟಲೆ ಕೋಣೆಯಲ್ಲಿ ಕೂರಿಸಿ ಹಣ ಸುಲಿದಿದ್ದಾರೆ. ಅಂತಹ ಬಂಧನ ಕಾಯಿದೆಯಲ್ಲಿ ಇಲ್ಲವೇ ಇಲ್ಲವೆಂದು 2024ರ ಅಕ್ಟೋಬರ್ 27ರ ಆಕಾಶವಾಣಿ ಭಾಷಣದಲ್ಲಿ ಪ್ರಧಾನಮಂತ್ರಿಗಳೇ ಹೇಳಬೇಕಾಯಿತು. ಇಂತಹ ಕರೆ ಬಂದರೆ ಕೂಡಲೇ ಕತ್ತರಿಸಿ, 1930 ಸಂಖ್ಯೆಗೆ ತಿಳಿಸತಕ್ಕದ್ದು.

ಹಾಗೆಂದು ಮಗನ ಪೊಲೀಸ್ ವೇಷವನ್ನು ಒಲೆಗೆ ಹಾಕಬೇಕಾಗಿಲ್ಲ. ಹಳ್ಳಿಯ ನಾಟಕ ತನ್ನ ಇನ್‌ಸ್ಪೆಕ್ಟರನನ್ನು ಕಳೆದುಕೊಳ್ಳಬೇಕಾಗಿಯೂ ಇಲ್ಲ. ಬೀದಿಯಲ್ಲಿ ಚಿತ್ರೀಕರಣವಿದ್ದರೆ ಠಾಣೆಗೆ ಮುಂಚಿತವಾಗಿ ತಿಳಿಸುವುದು, ವೇಷವನ್ನು ರಂಗದ ಬಳಿಯೇ ತೊಟ್ಟು ಅಲ್ಲಿಯೇ ಕಳಚುವುದು, ಬಿಲ್ಲೆ ಟೋಪಿಗಳನ್ನು ಎಣಿಸಿ ಪೆಟ್ಟಿಗೆಗೆ ಹಾಕಿ ಬೀಗ ಹಾಕುವುದು, ವಾಹನದ ಗಾಜಿನ ಮುಂದೆ ಟೋಪಿಯನ್ನು ಪ್ರದರ್ಶಿಸದಿರುವುದು, ಇಷ್ಟು ಎಚ್ಚರ ಸಾಕು.

ಹೊಳಲ್ಕೆರೆಯ ಹೆದ್ದಾರಿಯ ಅಂಗಡಿಯಲ್ಲಿ ಕಾಗದಗಳನ್ನು ಹಿಡಿದು ನಿಂತ ಆ ಲಾರಿ ಚಾಲಕನನ್ನು ಮತ್ತೊಮ್ಮೆ ನೆನೆಯಬಹುದು. ಖಾಕಿಯನ್ನು ಕಂಡು ಆತ ಎದ್ದುದು ಭಯದಿಂದಿರಬಹುದು, ಗೌರವದಿಂದಿರಬಹುದು. ಅಂತೂ ಅದರ ಹಿಂದೆ ಸರ್ಕಾರವೊಂದಿದೆಯೆಂಬ ನಂಬಿಕೆಯಿಂದ. ಆ ನಂಬಿಕೆಯೊಂದು ಸುಳ್ಳಾದ ದಿನ ನಿಜವಾದ ಪೊಲೀಸನಿಗೂ ಆತ ಬೆಲೆ ಕೊಡಲಾರ; ಆಪತ್ತಿನಲ್ಲಿ ಅವನ ಬಳಿಗೆ ಓಡಿಯೂ ಬರಲಾರ. ತಗಡಿನ ಬಿಲ್ಲೆಗೆ ಪೇಟೆಯಲ್ಲಿ ನೂರಿನ್ನೂರು ರೂಪಾಯಿ ಬೆಲೆಯಿದ್ದೀತು. ಕಾಯಿದೆ ಕಾಯುತ್ತಿರುವುದು ಆ ತಗಡನ್ನಲ್ಲ, ಎದ್ದು ನಿಂತ ಚಾಲಕನ ನಂಬಿಕೆಯನ್ನು.